ಗಂಜಿ ಎಷ್ಟು, ನೀರು ಎಷ್ಟು

ನಿಮ್ಮ ಬಚ್ಚಲಿನ ಜಾಲರಿಯಲ್ಲೂ ಕೂದಲು ಸಿಕ್ಕಿಕೊಳ್ಳುತ್ತಿರಬೇಕು. ಬಾಚಣಿಗೆಯಿಂದ ಬಿಡಿಸಿ, ಬೆರಳಿಗೆ ಸುತ್ತಿ ಬಿಸಾಡುತ್ತೀರಿ, ಮರೆತುಬಿಡುತ್ತೀರಿ. ನಾವೂ ಹಾಗೇ ಮಾಡುತ್ತಿದ್ದೆವು. ಆದರೆ ನಮ್ಮ ಮನೆಯ ಕೂದಲು ಒಂದು ದಿನ ಹೋಟೆಲಿನಿಂದ ವಾಪಸು ಬಂತು.

ನಮ್ಮದು ಲಾಂಡ್ರಿ. ಮುಂದೆ ಕೌಂಟರ್, ಅದರ ಹಿಂದೆ ಇಸ್ತ್ರಿ ಮೇಜು, ಇನ್ನೂ ಹಿಂದೆ ಒಗೆಯುವ ಕೋಣೆ, ಮಹಡಿಯ ಮೇಲೆ ಮನೆ. ಕೌಂಟರೂ ಇಸ್ತ್ರಿಯೂ ನನ್ನ ಅಕ್ಕನ ಪಾಲು. ಗಂಜಿ ನನ್ನ ಪಾಲು. ಹೋಟೆಲಿನ ಮೇಜುಬಟ್ಟೆ, ಡಾಕ್ಟರ ಬಿಳಿ ಕೋಟು, ಅಡುಗೆಯವರ ಟೋಪಿ, ಯಾವುದಕ್ಕೆ ಎಷ್ಟು ಗಂಜಿ ಎಂದು ಇಪ್ಪತ್ತಾರು ವರ್ಷದಿಂದ ನನ್ನ ಕೈಯೇ ಹೇಳುತ್ತದೆ. ಬೀದಿಯಲ್ಲಿ ನನ್ನನ್ನು ಗಂಜಿ ಚಿಕ್ಕಮ್ಮ ಎನ್ನುತ್ತಾರೆ. ಮೊದಲು ಹಾಗೆ ಕರೆದವಳು ಅಕ್ಕನ ಮಗಳು. ಅವಳಿಗೆ ಇಪ್ಪತ್ಮೂರು ತುಂಬಿದರೂ ನಮಗೆ ಇನ್ನೂ ಪುಟ್ಟಿಯೇ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಸಂಜೆ ಬಂದು ನಮ್ಮ ಜೊತೆ ಬಟ್ಟೆ ಮಡಚುತ್ತಾಳೆ.

ಆವತ್ತು ಹೋಟೆಲಿನ ಮ್ಯಾನೇಜರ್ ಒಂದು ಮೇಜುಬಟ್ಟೆ ತಂದು ಕೌಂಟರಿನ ಮೇಲೆ ಹರಡಿದರು. ಗಂಜಿ ಹದವಾಗಿತ್ತು, ಇಸ್ತ್ರಿಯೂ ಚೆನ್ನಾಗಿತ್ತು. ಆದರೆ ಮಡಿಕೆಯೊಳಗೆ ಕಂದು ಬಣ್ಣದ ಕೂದಲಿನ ಚೂರುಗಳಿದ್ದವು, ಒಂದೊಂದೂ ಬೆರಳುದ್ದ. ಮ್ಯಾನೇಜರ್ ಬೈಯಲಿಲ್ಲ. ಊಟದ ಮೇಜಿನ ಮೇಲೆ ಇದು ಚೆನ್ನಾಗಿ ಕಾಣಲ್ಲಮ್ಮ ಎಂದಷ್ಟೇ ಹೇಳಿ ಹೋದರು. ನನಗೆ ತಲೆ ಎತ್ತಲು ಆಗಲಿಲ್ಲ. ಅದು ಪುಟ್ಟಿಯ ಕೂದಲು ಎಂದು ನೋಡಿದ ಕೂಡಲೇ ಗೊತ್ತಾಯಿತು. ಅವಳ ತಲೆಯಲ್ಲಿ ಆಗ ಒಂದೊಂದು ಕೂದಲೂ ನಮಗೆ ಬೇಕಾಗಿತ್ತು. ಯಾಕೆ ಎಂದು ಹೇಳಲು ಮೂರು ವಾರ ಹಿಂದಕ್ಕೆ ಹೋಗಬೇಕು.

ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿತ್ತು. ಆಪರೇಷನ್ ಆಯಿತು. ಗಾಯ ಮಾಯಲಿ, ಐದು ವಾರ ಬಿಟ್ಟು ಕೀಮೋ ಶುರು ಮಾಡೋಣ ಎಂದು ಡಾಕ್ಟರ್ ಹೇಳಿದರು. ಶುರುವಾದ ಎರಡು ಮೂರು ವಾರಕ್ಕೆ ತಲೆಗೂದಲು ಉದುರುತ್ತದೆ, ಔಷಧಿ ಮುಗಿದ ಮೇಲೆ ಮತ್ತೆ ಬರುತ್ತದೆ ಎಂದೂ ತಿಳಿಸಿದರು. ಆಪರೇಷನ್ ಎಂದಾಗ ಸುಮ್ಮನೆ ತಲೆಯಾಡಿಸಿದ್ದ ಅಕ್ಕ, ಕೂದಲಿನ ಮಾತು ಕೇಳಿ ಬಂದವಳು ಒಗೆದ ಬೆಡ್‌ಶೀಟುಗಳ ರಾಶಿಯ ಮೇಲೆ ಕೂತುಬಿಟ್ಟಳು. ಬೋಳು ತಲೆಯಲ್ಲಿ ಕೌಂಟರಿಗೆ ಬರಲಾರೆ, ಮಹಡಿಯಿಂದ ಇಳಿಯುವುದೇ ಇಲ್ಲ ಎಂದಳು. ವಿಗ್ ಹಾಕಿಕೊಂಡರಾಯಿತು ಎಂದೆ. ಗುರುತು ಪರಿಚಯ ಇಲ್ಲದವರ ಕೂದಲನ್ನು ತಲೆ ಮೇಲೆ ಹೊತ್ತುಕೊಳ್ಳಲು ತನ್ನ ಕೈಲಾಗದು ಎಂದಳು.

ಅಕ್ಕನ ವಿಷಯ ನಿಮಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಅವಳಿಗೆ ಕೌಂಟರ್ ಎಂದರೆ ಬರೀ ವ್ಯಾಪಾರವಲ್ಲ. ಕೋಟಿನ ಜೇಬಿನಲ್ಲಿ ಮರೆತುಹೋದ ಚೀಟಿಯನ್ನು ಜೋಪಾನವಾಗಿ ಎತ್ತಿಟ್ಟು ಕೊಡುತ್ತಾಳೆ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಗಂಡನ ಅಂಗಿ ಬರುವುದು ನಿಂತುಹೋಯಿತು, ಎಲ್ಲ ಅವಳಿಗೆ ಗೊತ್ತು. ಜನರ ಮುಖ ನೋಡದೆ ಅವಳು ಒಂದು ದಿನ ಇದ್ದವಳಲ್ಲ. ಆರು ತಿಂಗಳು ಮಹಡಿಯ ಮೇಲೆ ಒಬ್ಬಳೇ ಗೋಡೆ ನೋಡುತ್ತಾ ಕೂತರೆ ಕಾಯಿಲೆಗಿಂತ ಮೊದಲು ಅದೇ ಅವಳನ್ನು ತಿಂದುಹಾಕುತ್ತದೆ ಎಂದು ನನಗೆ ಭಯವಾಯಿತು.

ಆಗ ಪುಟ್ಟಿ ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನನ್ನ ಕೂದಲು ತಗೋ ಅಮ್ಮ. ನನ್ನ ಪರಿಚಯ ಇದೆಯಲ್ಲ ನಿಂಗೆ."

ಎಷ್ಟೋ ದಿನಗಳ ಮೇಲೆ ಅಕ್ಕ ನಕ್ಕಳು. ಆಮೇಲೆ ಅತ್ತಳು. ಕೊನೆಗೆ ಒಪ್ಪಿಕೊಂಡಳು.

ನಮ್ಮ ಅಂಗಡಿಯಿಂದ ಮೂರು ಬಾಗಿಲು ಆಚೆ ವಿಗ್ ಮಾಡುವ ಒಂದು ಚಿಕ್ಕ ಕೋಣೆಯಿದೆ. ಅಲ್ಲಿ ಕೆಲಸ ಮಾಡುವವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ಕಣ್ಣಿಗೆ ಕಾಣುವುದೂ ಕಷ್ಟ ಎನ್ನುವಂಥ ಬಲೆಯ ಬಟ್ಟೆ, ತುದಿ ಕೊಕ್ಕೆಯಾಗಿ ಬಾಗಿದ ಸಣ್ಣ ಸೂಜಿ. ಒಂದೊಂದೇ ಕೂದಲನ್ನು ಮಡಚಿ, ಬಲೆಯ ಕಣ್ಣಿನಲ್ಲಿ ಎಳೆದು, ಗಂಟು ಹಾಕುತ್ತಾಳೆ. ದಿನಕ್ಕೆ ಸಾವಿರ ಗಂಟು ಹಾಕಿದರೂ ಅಂಗೈಯಷ್ಟು ಜಾಗ ತುಂಬುವುದಿಲ್ಲ. ಮಾತು ಕಡಿಮೆ, ಆಡಿದರೆ ನೇರ.

ಪುಟ್ಟಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ಅವಳು ತುಂಬ ಹೊತ್ತು ಕೂದಲು ನೋಡಿದಳು. ಒಬ್ಬರ ಕೂದಲಿನಿಂದ ಪೂರ್ತಿ ವಿಗ್ ಆಗುವುದಿಲ್ಲ, ಐದಾರು ತಲೆ ಬೇಕು ಎಂದಳು. ಆದರೆ ತಲೆಗೆ ಬಟ್ಟೆ ಕಟ್ಟಿಕೊಂಡರೆ ಹಣೆಯ ಮೇಲೂ ಎರಡು ಕಿವಿಯ ಹತ್ತಿರವೂ ಕಾಣುವಷ್ಟು ಕೂದಲನ್ನು ಒಂದು ಪಟ್ಟಿಗೆ ಕಟ್ಟಿಕೊಡಬಹುದು, ನೋಡಿದವರಿಗೆ ಒಳಗೆ ತಲೆತುಂಬ ಕೂದಲಿದೆ ಅನಿಸುತ್ತದೆ. ಅದಕ್ಕೆ ಒಂದೂವರೆ ಗೇಣು ಗಟ್ಟಿ ಕೂದಲು ಸಾಕು. ಪುಟ್ಟಿಯದು ಎರಡು ಗೇಣಿತ್ತು, ಗಟ್ಟಿ ಮಾತ್ರ ಇರಲಿಲ್ಲ. ಎರಡು ಸಲ ಬ್ಲೀಚ್ ಮಾಡಿಸಿ ಕಂದು ಬಣ್ಣ ಹಾಕಿಸಿದ್ದಳು, ಮೇಲಿಂದ ದಿನಾ ಬಿಸಿ ಸ್ಟ್ರೇಟ್ನರ್ ಎಳೆಯುತ್ತಿದ್ದಳು. ನೆನೆಸಿದ ಒಂದು ಕೂದಲನ್ನು ಸೂಜಿಯಕ್ಕ ಎಳೆದರೆ ಅದು ಅಂಟಿನ ಹಾಗೆ ಜಗ್ಗುತ್ತಾ ಹೋಯಿತು, ವಾಪಸು ಬರಲೇ ಇಲ್ಲ.

ಅವಳು ಒಂದು ಪ್ರೋಟೀನ್ ಪ್ಯಾಕೆಟ್ ಕೊಟ್ಟಳು. ಇದು ಒಂದೇ ಸಲ, ಮತ್ತೆ ಒಂದು ತಿಂಗಳು ಮುಟ್ಟಬಾರದು, ನಡುವೆ ತಲೆ ತೊಳೆದಾಗಲೆಲ್ಲ ಕಂಡೀಷನರ್ ಹಚ್ಚಬೇಕು, ಸ್ಟ್ರೇಟ್ನರ್ ಎತ್ತಿಡಬೇಕು, ಏಳು ವಾರ ಬಿಟ್ಟು ಬರಬೇಕು ಎಂದು ಹೇಳಿ ಕಳಿಸಿದಳು.

ಪ್ಯಾಕೆಟ್ ಹಚ್ಚಿದ್ದು ನಾನೇ. ತೊಳೆದು ಒಣಗಿಸಿದರೆ ಪುಟ್ಟಿಯ ಜಡೆ ಬೇರೆಯೇ ಆಗಿತ್ತು. ನೀರಲ್ಲಿ ಬಿದ್ದ ದಾರದಂತೆ ಜೋಲುತ್ತಿದ್ದದ್ದು ಕೈಗೆ ತುಂಬಿಕೊಂಡಿತು, ಹೊಳೆಯಿತು. ಬೆರಳಿಗೆ ಆ ಬಿಗಿ ಸಿಕ್ಕಿದ ಕೂಡಲೇ ನನಗೆ ಇದೇನೆಂದು ಅರ್ಥವಾಗಿಹೋಯಿತು. ಅಥವಾ ಅರ್ಥವಾಯಿತು ಅಂದುಕೊಂಡೆ. ಇದು ಗಂಜಿ. ಗಂಜಿಯ ವಿಷಯ ನನಗೆ ಇನ್ನೊಬ್ಬರು ಹೇಳಿಕೊಡಬೇಕಾ?

ಒಂದು ಸಲಕ್ಕೆ ಇಷ್ಟಾದರೆ ಹತ್ತು ಸಲಕ್ಕೆ ಎಷ್ಟಾಗಬಹುದು ಎಂದು ಲೆಕ್ಕ ಹಾಕಿದೆ. ಅಂಗಡಿಗೆ ಹೋಗಿ ಅದೇ ಥರದ್ದು ನಾಲ್ಕು ಡಬ್ಬಿ ತಂದೆ, ಮೂರು ದಿನಕ್ಕೊಮ್ಮೆ ಹಚ್ಚಿದೆ. ನಡುವಿನ ದಿನಗಳಲ್ಲಿ ಹಸಿ ಮೊಟ್ಟೆ. ಅದೂ ಸಾಲದೆಂದು ನನ್ನ ತೊಟ್ಟಿಯಿಂದಲೇ ಅಕ್ಕಿಯ ಗಂಜಿ ತೆಗೆದು, ತೆಳ್ಳಗೆ ಮಾಡಿ, ದಿನಾ ಬೆಳಿಗ್ಗೆ ಅವಳ ತಲೆಗೆ ಸುರಿದೆ. ಕಂಡೀಷನರನ್ನು ಕೆಳಗಿಟ್ಟೆ. ಅದು ಕೂದಲನ್ನು ಮೆತ್ತಗೆ ಮಾಡುತ್ತದೆ, ಮೆತ್ತಗಾದದ್ದು ಮುರಿಯುತ್ತದೆ ಎನ್ನುವುದು ನನ್ನ ವಾದ. ಪುಟ್ಟಿ ಎರಡು ಸಲ ಗೊಣಗಿದಳು, ಕೂದಲು ಕೈಗೆ ಚುಚ್ಚುತ್ತೆ ಚಿಕ್ಕಮ್ಮ ಎಂದಳು. ಚುಚ್ಚಲಿ ಎಂದೆ. ಅಕ್ಕನಿಗಾಗಿ ನನ್ನಿಂದ ಆಗುವಂಥದ್ದು ಬೇರೆ ಏನೂ ಇರಲಿಲ್ಲ. ಡಾಕ್ಟರ ಕೆಲಸ ನನಗೆ ಬಾರದು. ಗಂಜಿ ಹಾಕುವುದು ಬರುತ್ತದೆ, ಅದನ್ನೇ ಹಾಕಿದೆ.

ಮೂರನೆಯ ವಾರಕ್ಕೆ ಮೇಜುಬಟ್ಟೆ ವಾಪಸು ಬಂತು.

ಆಗಲಾದರೂ ನಾನು ನಿಲ್ಲಿಸಬೇಕಿತ್ತು. ಇಲ್ಲ. ಇನ್ನೂ ಗಟ್ಟಿಯಾಗಿಲ್ಲ, ಅದಕ್ಕೇ ಮುರಿಯುತ್ತಿದೆ ಎಂದುಕೊಂಡು ಆ ಸಂಜೆ ನಾಲ್ಕನೆಯ ಡಬ್ಬಿ ತೆಗೆದೆ. ಹಚ್ಚುವ ಮೊದಲು ಪುಟ್ಟಿಯ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿದೆ. ರಬ್ಬರಿನ ಜೊತೆಗೇ ಒಂದು ಎಳೆ ಕೂದಲು, ನನ್ನ ಕಿರುಬೆರಳು ದಪ್ಪದ್ದು, ಕೈಗೆ ಬಂತು. ಒಣ ಹುಲ್ಲು ಮುರಿದ ಹಾಗೆ ಸದ್ದೂ ಕೇಳಿಸಿತು. ಪುಟ್ಟಿ ಹಿಂದೆ ತಿರುಗಿ ನನ್ನ ಕೈ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಆಪರೇಷನ್ ಆದ ಕಡೆಯ ಕೈಯನ್ನು ಎತ್ತಲಾಗದೆ ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಇಳಿದು ಬಂದಳು. ನೆಲದ ಮೇಲೆ ಬಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡಳು.

"ಸಾಕು ಬಿಡಿ ಇಬ್ರೂ," ಅಂದಳು. "ನಂದು ಹೇಗೂ ಹೋಗುತ್ತೆ. ನನಗೋಸ್ಕರ ಈ ಮಗು ತಲೆ ಹಾಳು ಮಾಡ್ಬೇಡಿ."

ನನ್ನ ಇಪ್ಪತ್ತಾರು ವರ್ಷದ ಜಂಬ ಇಳಿದುಹೋಗಬೇಕಾದ ಮಾತು ಅದು. ಆದರೆ ನನಗೆ ಬಂದದ್ದು ಸಿಟ್ಟು. ಮಾರನೆಯ ಬೆಳಿಗ್ಗೆ ಆ ಎಳೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಸೂಜಿಯಕ್ಕನ ಮೇಲೆ ಜಗಳಕ್ಕೆ ಹೋದೆ. ನಿನ್ನ ಔಷಧಿಯಿಂದ ಹೀಗಾಯಿತು ಎಂದು ಬಾಗಿಲಲ್ಲೇ ನಿಂತು ಅಂದೆ. ಅವಳು ಸೂಜಿ ಕೆಳಗಿಟ್ಟು, ಎಷ್ಟು ಸಲ ಹಚ್ಚಿದಿರಿ ಎಂದು ಕೇಳಿದಳು. ಮೂರು ದಿನಕ್ಕೊಮ್ಮೆ ಎಂದೆ. ಬೇರೆ ಏನು ಹಾಕಿದಿರಿ ಎಂದಳು. ಮೊಟ್ಟೆ, ಗಂಜಿ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ತಾನಾಗಿ ಸಣ್ಣದಾಯಿತು. ಅವಳು ನನ್ನನ್ನು ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ನಡೀರಿ ನಿಮ್ಮ ಅಂಗಡಿಗೆ ಎಂದಳು.

ಅಕ್ಕ, ಪುಟ್ಟಿ ಇಬ್ಬರೂ ಇಸ್ತ್ರಿ ಮೇಜಿನ ಹತ್ತಿರ ಇದ್ದರು. ಸೂಜಿಯಕ್ಕ ಒಂದು ಬಟ್ಟಲಲ್ಲಿ ನೀರು ತರಿಸಿ ಪುಟ್ಟಿಯ ಒಂದು ಕೂದಲನ್ನು ನೆನೆಸಿದಳು. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಅದು ಒಂದಿಷ್ಟೂ ಜಗ್ಗದೆ ತುಂಡಾಯಿತು. ಮೂರು ವಾರದ ಹಿಂದೆ ಅಂಟಿನಂತೆ ಜಗ್ಗಿದ್ದು ಇದೇ ತಲೆಯ ಕೂದಲು.

ಆಮೇಲೆ ಅವಳು ಅಕ್ಕನ ಕಡೆ ನೋಡಿ, ನಿಮ್ಮದೊಂದು ಕೊಡ್ತೀರಾ ಎಂದು ಕೇಳಿದಳು. ಅಕ್ಕ ತಲೆಗೆ ಕೈ ಹಾಕಿ ಒಂದು ಕೂದಲು ಕಿತ್ತು ಕೊಟ್ಟಳು. "ತಗೊಳ್ಳಿ, ಈಗಿನ್ನೂ ಸ್ಟಾಕ್ ಇದೆ," ಅಂದಳು. ನಗಬೇಕೋ ಬೇಡವೋ ನಮಗ್ಯಾರಿಗೂ ಗೊತ್ತಾಗಲಿಲ್ಲ. ಆ ಕೂದಲು ನೀರಲ್ಲಿ ನೆನೆದು, ಎಳೆದಾಗ ಸ್ವಲ್ಪ ಉದ್ದವಾಗಿ, ಬಿಟ್ಟಾಗ ಮೊದಲಿನ ಅಳತೆಗೆ ಬಂತು.

"ಆರೋಗ್ಯದ ಕೂದಲು ಹೀಗಿರುತ್ತೆ," ಅಂದಳು ಸೂಜಿಯಕ್ಕ. "ಸ್ವಲ್ಪ ಜಗ್ಗುತ್ತೆ, ವಾಪಸ್ ಬರುತ್ತೆ. ಜಗ್ಗುತ್ತಾನೇ ಹೋಗಿ ವಾಪಸ್ ಬರ್ಲಿಲ್ಲ ಅಂದ್ರೆ ಪ್ರೋಟೀನ್ ಬೇಕು. ಜಗ್ಗದೇ ಮುರಿದ್ರೆ ನೀರಿನಂಶ ಬೇಕು. ಅವತ್ತು ಇವಳಿಗೆ ಬೇಕಾಗಿದ್ದು ಮೊದಲ್ನೇದು. ಇವತ್ತು ಎರಡ್ನೇದು."

ನನಗೆ ಇನ್ನೂ ಒಪ್ಪಿಗೆಯಾಗಲಿಲ್ಲ. ಗಟ್ಟಿ ಮಾಡುವ ವಸ್ತು ಹಾಕಿದರೆ ಮುರಿಯುವುದು ಹೇಗೆ ಎಂದು ಕೇಳಿದೆ. ಅವಳು ಅದಕ್ಕೆ ಉತ್ತರ ಕೊಡದೆ ನನ್ನನ್ನೇ ಕೇಳಿದಳು.

"ಗಂಜಿ ಅಳತೆ ಮೀರಿದ ಬಟ್ಟೆ ಏನಾಗುತ್ತೆ ಚಿಕ್ಕಮ್ಮ?"

ಗಂಜಿ ಜಾಸ್ತಿಯಾದ ಬಟ್ಟೆ ನೋಡಲು ಹಲಗೆಯಂತೆ ನೆಟ್ಟಗೆ ನಿಲ್ಲುತ್ತದೆ. ಮಡಚಿದರೆ ಮಡಿಕೆಯಲ್ಲೇ ಬಿರಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಒಬ್ಬ ಅಡುಗೆಯವರ ಆರು ಕೋಟುಗಳನ್ನು ಹಾಗೆ ಬಿರಿಸಿ, ಅಕ್ಕನಿಂದ ಮಂಗಳಾರತಿ ಮಾಡಿಸಿಕೊಂಡಿದ್ದೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನಗೆ ಇಷ್ಟವಿರಲಿಲ್ಲ. ಮಡಿಕೆಯಲ್ಲಿ ಬಿಡುತ್ತದೆ ಎಂದಷ್ಟೇ ಅಂದೆ. ಹಾಗಾದಾಗ ಏನು ಮಾಡುತ್ತೀರಿ ಎಂದಳು. ನೆನೆಹಾಕಿ ಗಂಜಿಯನ್ನೆಲ್ಲ ಬಿಡಿಸುತ್ತೇನೆ, ಆಮೇಲೆ ನೀರು ಚಿಮುಕಿಸಿ ಹದಕ್ಕೆ ತರುತ್ತೇನೆ ಎಂದೆ. ಮತ್ತೆ ಕೂಡಲೇ ಗಂಜಿ ಹಾಕುತ್ತೀರಾ ಎಂದಳು. ಇಲ್ಲ ಎಂದೆ. ಅಷ್ಟು ಹೇಳಿ, ಅಕ್ಕ ಅವತ್ತು ಕೂತಿದ್ದ ಬೆಡ್‌ಶೀಟುಗಳ ಜಾಗದಲ್ಲೇ ಕೂತೆ.

"ನಾನು ಕೂದಲನ್ನ ಮಡಚಿ ಗಂಟು ಹಾಕೋಳು," ಅಂದಳು ಸೂಜಿಯಕ್ಕ. "ಬಗ್ಗದೇ ಇರೋ ಕೂದಲು ನನ್ನ ಸೂಜಿ ತುದಿಯಲ್ಲೇ ಮುರಿಯುತ್ತೆ. ಹೀಗೇ ಬಿಟ್ರೆ ಇವಳ ಜಡೇಲಿ ನನಗೆ ಒಂದು ಗಂಟೂ ಸಿಗಲ್ಲ."

ನಾಲ್ಕು ವಾರ ಉಳಿದಿತ್ತು. ಅವಳು ಹೇಳಿದ್ದನ್ನು ಪುಟ್ಟಿ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ಕೂದಲು ಹೆಚ್ಚು ಪಾಲು ಪ್ರೋಟೀನಿನಿಂದಲೇ ಆದದ್ದು. ಬ್ಲೀಚು, ಬಣ್ಣ, ಬಿಸಿ ಅದನ್ನು ಅಲ್ಲಲ್ಲಿ ಸವೆಸುತ್ತವೆ. ಪ್ರೋಟೀನ್ ಪ್ಯಾಕ್ ಆ ಸವೆದ ಜಾಗಕ್ಕೆ ಹಾಕುವ ತೇಪೆ. ತೇಪೆಯ ಮೇಲೆ ತೇಪೆ ಬಿದ್ದರೆ ಕೂದಲು ಬಗ್ಗುವುದನ್ನೇ ಮರೆಯುತ್ತದೆ. ಮೊಟ್ಟೆ ಕೂದಲಿನ ಒಳಗೇ ಹೋಗುವುದಿಲ್ಲ, ಅಕ್ಕಿಯ ಗಂಜಿ ಮೇಲೆ ಕೂತು ಒಣಗಿ ಬಿಗಿಯುತ್ತದೆ. ಹಾಗಾಗಿ ಮೊದಲು ಒಂದು ಸಲ, ಒಂದೇ ಸಲ, ಎಲ್ಲ ಅಂಟನ್ನೂ ತೆಗೆಯುವ ಶಾಂಪೂವಿನಿಂದ ತೊಳೆಯಬೇಕು. ಆಮೇಲೆ ವಾರಕ್ಕೆ ಎರಡು ಸಲ ಸಾದಾ ಶಾಂಪೂ, ಪ್ರತಿ ಸಲವೂ ಕೂದಲಿನ ಅರ್ಧದಿಂದ ತುದಿಯವರೆಗೆ ಕಂಡೀಷನರ್. ವಾರಕ್ಕೊಮ್ಮೆ ನೀರಿನಂಶ ಕೊಡುವ ಮಾಸ್ಕ್, ಹತ್ತು ಹದಿನೈದು ನಿಮಿಷ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಬಾಚುವುದು. ರಬ್ಬರ್ ಬ್ಯಾಂಡ್ ಬೇಡ, ಮೆತ್ತನೆಯ ಬಟ್ಟೆಯ ಪಟ್ಟಿ. ಬಿಸಿ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೆ ಹಾಳಾದದ್ದು ಸರಿಹೋಗುತ್ತದಾ ಎಂದು ಪುಟ್ಟಿ ಕೇಳಿದಳು. ಸೂಜಿಯಕ್ಕ ಸುಳ್ಳು ಹೇಳಲಿಲ್ಲ. ಒಮ್ಮೆ ಹಾಳಾದ ಕೂದಲು ವಾಸಿಯಾಗುವುದಿಲ್ಲ, ಅದಕ್ಕೆ ಜೀವ ಇಲ್ಲ. ಇನ್ನಷ್ಟು ಮುರಿಯದ ಹಾಗೆ ಕಾಪಾಡಿಕೊಳ್ಳಬಹುದು, ಹೊಸದು ಬುಡದಿಂದ ಬರಬೇಕು. ಕೆಳಗಿನ ನಾಲ್ಕು ಬೆರಳಷ್ಟು ಉಳಿಯುವಂಥದ್ದಲ್ಲ ಎಂದು ಅವಳು ಅಲ್ಲೇ ಕತ್ತರಿಸಿಬಿಟ್ಟಳು. ಸೀಳಿದ ತುದಿ ಹಾಗೇ ಬಿಟ್ಟರೆ ಸೀಳು ಮೇಲಕ್ಕೆ ಏರುತ್ತದಂತೆ. ಕತ್ತರಿ ಆಡಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಎರಡು ಗೇಣಿನಲ್ಲಿ ನಾಲ್ಕು ಬೆರಳು ಹೋಗಿತ್ತು.

ಅವತ್ತೇ ನಾನು ಮನೆಯ ಡಬ್ಬಿಗಳನ್ನೆಲ್ಲ ಇಸ್ತ್ರಿ ಮೇಜಿನ ಮೇಲೆ ಸುರಿದೆ. ಪುಟ್ಟಿ ಹಿಂಬದಿಯ ಸಣ್ಣ ಅಕ್ಷರ ಓದಿದಳು, ಕನ್ನಡಕದ ಅಂಗಡಿಯವಳಲ್ಲವೇ. ಕೆರಾಟಿನ್, ಕೊಲಾಜೆನ್, ರೇಷ್ಮೆಯ ಪ್ರೋಟೀನ್, ಗೋಧಿಯ ಪ್ರೋಟೀನ್ ಎಂದು ಇದ್ದದ್ದೆಲ್ಲ ಒಂದು ಕಡೆ. ಗ್ಲಿಸರಿನ್, ಲೋಳೆಸರ, ಪ್ಯಾಂಥೆನಾಲ್ ಎಂದಿದ್ದು, ಪ್ರೋಟೀನಿನ ಹೆಸರೇ ಇಲ್ಲದ್ದು ಇನ್ನೊಂದು ಕಡೆ. ಮೊದಲನೆಯದು ಗಂಜಿ ಕಪಾಟು, ಎರಡನೆಯದು ನೀರಿನ ಕಪಾಟು ಎಂದು ನಾನೇ ಚೀಟಿ ಅಂಟಿಸಿದೆ. ಮುಂದೆ 'ಮೃದು' ಎಂದು ದೊಡ್ಡದಾಗಿ ಬರೆದಿದ್ದ ಎರಡು ಬಾಟಲಿಗಳ ಹಿಂದೆಯೂ ಕೆರಾಟಿನ್ ಇತ್ತು. ನೀರಿನ ಕಪಾಟಿಗೆ ಕೊನೆಗೆ ಉಳಿದದ್ದು ಒಂದೇ ಡಬ್ಬಿ, ನಾನು ಕೆಳಗಿಟ್ಟಿದ್ದ ಆ ಕಂಡೀಷನರ್.

ಹತ್ತು ದಿನಕ್ಕೆ ನೆಲದ ಮೇಲೆ ಬೀಳುವ ಚೂರುಗಳು ಕಡಿಮೆಯಾದವು. ಮೇಜುಬಟ್ಟೆಗಳು ಬೆಳ್ಳಗೆ ಹೋದವು. ನನಗೆ ಹುರುಪು ಬಂತು. ಹುರುಪು ಬಂದರೆ ನಾನು ಯಾರ ಮಾತೂ ಕೇಳುವವಳಲ್ಲ ಎನ್ನುವುದು ನಿಮಗೆ ಈಗಾಗಲೇ ಗೊತ್ತಾಗಿದೆ. ಒಂದು ಭಾನುವಾರ ಪುಟ್ಟಿಯ ತಲೆಗೆ ಹೊಸದಾಗಿ ತಂದಿದ್ದ ನೀರಿನಂಶದ ಮಾಸ್ಕ್ ಹಚ್ಚಿ, ಒದ್ದೆ ಟವೆಲ್ ಸುತ್ತಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಗೇ ಕೂರಿಸಿದೆ. ಮರುದಿನವೂ ಹಚ್ಚಿದೆ, ಅದರ ಮರುದಿನವೂ. ನಾಲ್ಕನೆಯ ದಿನ ಕೂದಲು ಮತ್ತೆ ಜೋಲತೊಡಗಿತು. ಒದ್ದೆ ಕೂದಲು ಎಳೆದರೆ ಮತ್ತೆ ಅಂಟಿನಂತೆ ಜಗ್ಗಿತು.

ಈ ಸಲ ನಾನು ಜಗಳಕ್ಕೆ ಹೋಗಲಿಲ್ಲ. ತಲೆ ತಗ್ಗಿಸಿಕೊಂಡು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸೂಜಿಯಕ್ಕ ಹಣೆ ಹಣೆ ಚಚ್ಚಿಕೊಂಡಳು.

"ಚಿಕ್ಕಮ್ಮ, ಬರೀ ನೀರು ಚಿಮುಕಿಸಿದ್ರೆ ಬಟ್ಟೆ ನಿಲ್ಲುತ್ತಾ? ಎರಡೂ ಬೇಕು. ಯಾವುದು ಎಷ್ಟು ಅಂತ ನೀವು ಹೇಳೋದಲ್ಲ, ಕೂದಲು ಹೇಳ್ಬೇಕು. ಎಳೆದು ನೋಡದೇ ಡಬ್ಬಿ ಮುಚ್ಚಳ ತೆಗೀಬೇಡಿ."

ಅವಳೇ ಒಂದು ಸಣ್ಣ ಪ್ರೋಟೀನ್ ಪ್ಯಾಕೆಟ್ ಹಚ್ಚಿ, ಅದರ ಹಿಂದೆಯೇ ಕಂಡೀಷನರ್ ಹಚ್ಚಿ ಕಳಿಸಿದಳು. ಅಲ್ಲಿಂದ ಮುಂದೆ ಪ್ರತಿ ಸಲ ತಲೆ ತೊಳೆದಾಗ ಮೊದಲು ಒಂದು ಕೂದಲು. ನಾನು ಎಳೆಯುವುದು, ಪುಟ್ಟಿ ನೋಡುವುದು, ಅಕ್ಕ ಕುರ್ಚಿಯಲ್ಲಿ ಕೂತು ತೀರ್ಪು ಹೇಳುವುದು. "ನೀರು," ಎನ್ನುವಳು. ಅಥವಾ, "ಇವತ್ತು ಏನೂ ಬೇಡ, ಕಂಡೀಷನರ್ ಸಾಕು," ಎನ್ನುವಳು. ಆ ಎರಡು ಮೂರು ವಾರ ಅಕ್ಕ ತನ್ನ ಕಾಯಿಲೆಯ ಮಾತು ಬಿಟ್ಟು ಬೇರೆ ಏನನ್ನಾದರೂ ಕಾದು ಕೂತದ್ದು ಆ ಹೊತ್ತಿನಲ್ಲೇ. ಅಷ್ಟರಲ್ಲಿ ಮೊದಲ ಕೀಮೋ ಆಗಿತ್ತು.

ಒಂದು ಬೆಳಿಗ್ಗೆ ಅಕ್ಕನ ದಿಂಬಿನ ಕವರನ್ನು ಒಗೆಯಲು ತೆಗೆದೆ. ಅದರ ತುಂಬ ಕೂದಲು. ನಾನು ಈಗ ಕೂದಲಿನ ತುದಿ ನೋಡುವುದನ್ನು ಕಲಿತಿದ್ದೆ. ಪುಟ್ಟಿಯದು ಮುರಿದು ಬೀಳುತ್ತಿದ್ದಾಗ ಚೂರುಗಳ ಎರಡು ತುದಿಯೂ ಬೋಳಾಗಿರುತ್ತಿತ್ತು. ಇವುಗಳ ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇತ್ತು. ಇದು ಬುಡದಿಂದ ಬಂದದ್ದು. ಇದಕ್ಕೆ ಯಾವ ಕಪಾಟಿನ ಡಬ್ಬಿಯೂ ಆಗಿಬರುವುದಿಲ್ಲ, ಇದು ಡಾಕ್ಟರ ಹತ್ತಿರ ಕೇಳುವ ವಿಷಯ. ನಾನು ಆ ಕವರನ್ನು ಎದೆಗೆ ಒತ್ತಿಕೊಂಡು ಒಗೆಯುವ ಕೋಣೆಯಲ್ಲಿ ನಲ್ಲಿ ತಿರುಗಿಸಿ ನಿಂತೆ. ನೀರಿನ ಸದ್ದಿನಲ್ಲಿ ಅತ್ತರೆ ಹೊರಗೆ ಕೇಳುವುದಿಲ್ಲ.

ಅವತ್ತೇ ಮಧ್ಯಾಹ್ನ ಪುಟ್ಟಿಯ ಜಡೆ ಕತ್ತರಿಸಿದ್ದಾಯಿತು. ಸೂಜಿಯಕ್ಕ ಜಡೆಯನ್ನು ಬಟ್ಟೆಯ ಮೇಲೆ ಉದ್ದಕ್ಕೆ ಇಟ್ಟು ಗೇಣು ಹಾಕಿದಳು. ಒಂದೂವರೆ ಗೇಣು ಇತ್ತು, ಸರಿಯಾಗಿ. ಒಂದು ಕೂದಲು ತೆಗೆದು ಮಡಚಿ ಬಲೆಗೆ ಗಂಟು ಹಾಕಿ ಎಳೆದಳು. ಮುರಿಯಲಿಲ್ಲ. ಇನ್ನೊಂದು ಹಾಕಿದಳು. ಮುರಿಯಲಿಲ್ಲ. ನಾವು ಮೂವರೂ ಉಸಿರು ಬಿಟ್ಟೆವು.

ಆದರೆ ಅವಳು ಜಡೆಯನ್ನು ಕೈಯಲ್ಲಿ ತೂಗಿ ನೋಡಿದಳು. ಉದ್ದ ಇದೆ, ದಪ್ಪ ಸಾಲದು ಎಂದಳು. ಆ ಮೂರು ವಾರದಲ್ಲಿ ಮುರಿದುಹೋದ ಕೂದಲು ಗಿಡ್ಡವಾಗಿ ಪುಟ್ಟಿಯ ತಲೆಯಲ್ಲೇ ಉಳಿದಿತ್ತು. ಹಣೆಗೂ ಬಲಗಿವಿಗೂ ಆಗುತ್ತದೆ, ಎಡಕ್ಕೆ ಆಗುವುದಿಲ್ಲ. ಬೇಕಿದ್ದರೆ ಬೇರೆಯವರ ಕೂದಲು ಸೇರಿಸುತ್ತೇನೆ ಎಂದಳು. ಅಕ್ಕ ಬೇಡ ಎಂದು ತಲೆಯಾಡಿಸಿದಳು. ಎಡಗಡೆ ಬಟ್ಟೆಯನ್ನು ಇಳಿಸಿ ಕಟ್ಟಿಕೊಂಡರಾಯಿತು ಎಂದಳು. ಅವಳು ಯಾರನ್ನೂ ದೂರಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು.

ನಾನು ತಲೆಯ ಗಂಟು ಬಿಚ್ಚಿದೆ. ನನ್ನದು ಅರ್ಧ ನರೆತ ಕೂದಲು, ಬಣ್ಣ ಕಂಡದ್ದಲ್ಲ, ಬಿಸಿ ಕಂಡದ್ದಲ್ಲ.

"ನನ್ನ ಪರಿಚಯಾನೂ ಇದೆಯಲ್ಲ ಅಕ್ಕ," ಎಂದೆ.

ಸೂಜಿಯಕ್ಕ ಒಂದು ಕೂದಲು ತೆಗೆದು ನೆನೆಸಿ ಎಳೆದಳು. ಜಗ್ಗಿತು, ವಾಪಸು ಬಂತು. ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಹಾಕಿಕೊಡಲೇ ಎಂದು ಅವಳು ಕೇಳಿದಾಗ ಅಕ್ಕ ಬೇಡವೆಂದಳು. ಕಂದು ಮಗಳದ್ದು, ನರೆ ತಂಗಿಯದ್ದು ಎಂದು ಕನ್ನಡಿಯಲ್ಲಿ ತನಗೆ ಕಾಣಬೇಕು ಎಂದಳು.

ಹನ್ನೆರಡು ದಿನಕ್ಕೆ ಪಟ್ಟಿ ಸಿದ್ಧವಾಯಿತು. ಅದನ್ನು ಕಟ್ಟಿಕೊಂಡು, ಮೇಲೆ ನೀಲಿ ಬಟ್ಟೆ ಸುತ್ತಿಕೊಂಡು ಅಕ್ಕ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕೌಂಟರಿನ ಹಿಂದೆ ಕೂತಳು. ಮೊದಲು ಬಂದವರು ಅದೇ ಹೋಟೆಲಿನ ಮ್ಯಾನೇಜರ್. ಮೇಜುಬಟ್ಟೆಗಳ ಗಂಟು ಇಟ್ಟು, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ, ಗುರುವಾರ ಸಿಗುತ್ತಾ ಎಂದು ಕೇಳಿದರು. ಬುಧವಾರವೇ ಬನ್ನಿ ಎಂದಳು ಅಕ್ಕ. ಅಷ್ಟೇ ನಡೆದದ್ದು. ನಾನು ಹಿಂದೆ ಗಂಜಿಯ ತೊಟ್ಟಿಯ ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾನು ಹೆಚ್ಚು ಓದಿದವಳಲ್ಲ, ತಪ್ಪು ಮಾಡಿ ಕಲಿತವಳು. ನಿಮ್ಮ ಕೂದಲು ಬಣ್ಣದಿಂದಲೋ ಬಿಸಿಯಿಂದಲೋ ಹಾಳಾಗಿದ್ದರೆ, ಯಾರೋ ಹೇಳಿದರೆಂದು ಕೈಗೆ ಸಿಕ್ಕಿದ್ದನ್ನೆಲ್ಲ ತಲೆಗೆ ಸುರಿಯಬೇಡಿ. ತಲೆ ತೊಳೆದಾಗ ಒಂದು ಒದ್ದೆ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಜಗ್ಗುತ್ತಲೇ ಹೋದರೆ ಪ್ರೋಟೀನ್, ಅದೂ ತಿಂಗಳಿಗೊಮ್ಮೆ. ಜಗ್ಗದೆ ಮುರಿದರೆ ಪ್ರೋಟೀನ್ ನಿಲ್ಲಿಸಿ, ಕೆಲವು ವಾರ ನೀರಿನಂಶ ಕೊಡಿ. ಜಗ್ಗಿ ವಾಪಸು ಬಂದರೆ ಏನೂ ಮಾಡಬೇಡಿ, ಕಂಡೀಷನರ್ ಸಾಕು. ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಬಿಳಿ ಚುಕ್ಕೆಯ ಸಮೇತ ಕಂತೆಕಂತೆಯಾಗಿ ಉದುರಿದರೆ ಡಬ್ಬಿ ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ. ಕೀಮೋ ತೆಗೆದುಕೊಳ್ಳುತ್ತಿರುವವರ ತಲೆಗೆ ಅವರ ಡಾಕ್ಟರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ನಂಬಿಕೆ ಬರದಿದ್ದರೆ ನಮ್ಮ ಲಾಂಡ್ರಿಗೆ ಬನ್ನಿ. ಕೌಂಟರಿನಲ್ಲಿ ಅಕ್ಕ ಇರುತ್ತಾಳೆ. ನೀಲಿ ಬಟ್ಟೆಯ ಕೆಳಗೆ, ಎಡಗಿವಿಯ ಪಕ್ಕದಲ್ಲಿ ಒಂದಿಷ್ಟು ನರೆ ಕಾಣುತ್ತದೆ. ಅಲ್ಲಿ ಅವಳ ಮಗಳ ಕೂದಲು ಇರಬೇಕಿತ್ತು. ಒಂದೇ ಒಂದು ಕೂದಲನ್ನು ಎಳೆದು ನೋಡಿದ್ದರೆ ಇರುತ್ತಿತ್ತು.